ಅಣ್ಣ ಕೊಟ್ಟ ಕೊಂಡಿ

ಚಿಕ್ಕಮ್ಮ ಕೊಬ್ಬರಿ ಹುರಿಯುವಾಗ ಯಾರೂ ಮಾತಾಡಿಸಬಾರದು. ಗಳಿಗೆ ಗಮನ ತಪ್ಪಿದರೂ ಬಾಣಲೆಯ ತಳ ಹಿಡಿಯುತ್ತದೆ. ಆದರೂ ಆ ಸೋಮವಾರ ನಾನು ತುಮಕೂರಿನಿಂದ ಗುಬ್ಬಿಗೆ ಹೋಗಿ ಒಲೆಯ ಮುಂದೆಯೇ ಫೋನು ಹಿಡಿದು ನಿಂತೆ. ಅವಳ ಚಟ್ನಿಪುಡಿಯ ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಇಂಟರ್ನೆಟ್ಟಿನಲ್ಲಿ ಚಟ್ನಿಪುಡಿ ಎಂದು ಹುಡುಕಿದವರಿಗೆ ಅದು ಎಷ್ಟನೆಯದಾಗಿ ಕಾಣುತ್ತದೆಂದು ಸೋಮವಾರ ಸೋಮವಾರ ದಿನಚರಿಯಲ್ಲಿ ಬರೆದಿಡುತ್ತೇನೆ. ಹಿಂದಿನ ವಾರ ನಾಲ್ಕು. ಈ ವಾರ ಬರೆಯಲು ಅಂಕಿಯೇ ಇರಲಿಲ್ಲ. ಎಷ್ಟು ಪುಟ ತಿರುವಿದರೂ ಸೈಟು ಸಿಗಲಿಲ್ಲ. ಸಿಕ್ಕಿದ್ದು ಹುಡುಕುವ ಯಂತ್ರದ ಕಡೆಯಿಂದ ಒಂದು ನೋಟಿಸ್: ನಿಮಗೆ ಬರುತ್ತಿರುವ ಕೊಂಡಿಗಳು ಸಹಜವಾದವಲ್ಲ.

ಬೇರೆಯವರ ಪುಟದಲ್ಲಿ ನಮ್ಮ ಹೆಸರಿದ್ದು, ಅದನ್ನು ಒತ್ತಿದರೆ ನಮ್ಮ ಪುಟ ತೆರೆದುಕೊಂಡರೆ ಅದೇ ಕೊಂಡಿ. ನಾಲ್ಕು ಜನ ಹಾಗೆ ನಮ್ಮ ಹೆಸರು ಹೇಳಿದರೆ ಹುಡುಕುವ ಯಂತ್ರ ನಮ್ಮನ್ನು ನಂಬಿ ಮೇಲಕ್ಕೇರಿಸುತ್ತದೆ. ಇದನ್ನು ಮೊದಲ ಸಲ ವಿವರಿಸಿದಾಗ ಚಿಕ್ಕಮ್ಮ ಅರೆಗಳಿಗೆಯೂ ಯೋಚಿಸಿರಲಿಲ್ಲ. "ಇದು ಮುಯ್ಯಿ ಕಣೇ. ನಾವ್ ಅವ್ರುದ್ ಹಾಕಿದ್ರೆ ಅವ್ರು ನಮ್ದು ಹಾಕ್ತಾರೆ" ಎಂದವಳೇ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟುಬಿಟ್ಟಳು. ಗೂಳೂರಿನ ಟ್ರ್ಯಾಕ್ಟರ್ ರಿಪೇರಿಯವರು, ಶಿರಾ ಗೇಟ್‌ನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು, ಎಲ್ಲರೂ ನಂಟರೇ, ಎಲ್ಲರೂ ಹಾಕಿದರು. ಕೊನೆಗೆ ಕುಣಿಗಲ್ಲಿಗೂ ಹೋದಳು. ಅಲ್ಲಿ ಕಲ್ಯಾಣ ಮಂಟಪ ನಡೆಸುವ ನನ್ನ ಸೋದರಮಾವ ಅವಳ ಸ್ವಂತ ಅಣ್ಣ. ಅವಳು ತನ್ನ ಮಗಳ ಮದುವೆಗೆ ಖುದ್ದಾಗಿ ಬಂದು ಕರೆಯಲಿಲ್ಲವೆಂದು ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ಕೊಂಡಿ ಕೇಳಲು ತಂಗಿ ಖುದ್ದಾಗಿ ಬಂದಳೆಂದು ಅಂದು ಬಾಗಿಲು ತೆರೆದ.

ಈಗ ಆ ಕೊಂಡಿಗಳನ್ನೆಲ್ಲ ತೆಗೆಸಬೇಕು. ತೆಗೆಸದಿದ್ದರೆ ಆರ್ಡರ್ ಇಲ್ಲ. ಮುಯ್ಯಿ ವಾಪಸ್ ತಗೊಳ್ಳಿ ಎಂದು ನಂಟರ ಮನೆಗೆ ಹೋಗುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಚಿಕ್ಕಮ್ಮ ಒಲೆ ಆರಿಸಿ ಗೋಡೆಗೊರಗಿ ಕೂತಳು. ಮಿಕ್ಕವರ ವಿಷಯಕ್ಕೆ ಅವಳು ಹೆದರಲಿಲ್ಲ. "ಅಣ್ಣನ್ ಹತ್ರ ಯಾವ್ ಮುಖ ಇಟ್ಕೊಂಡ್ ಹೋಗ್ಲೇ?" ಎಂದಳು.

ಕೊನೆಗೆ ಇಬ್ಬರೂ ಕುಣಿಗಲ್ಲಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನಗೆ ದಿಗಿಲು. ಪ್ರೀತಿಯಿಂದ ಕೊಟ್ಟದ್ದನ್ನು ಯಂತ್ರವೊಂದು ಮೋಸವೆಂದು ಎಣಿಸಿತಲ್ಲ ಎಂಬುದು ಮೊದಲ ಆಘಾತ. ಕುಣಿಗಲ್ ಹತ್ತಿರವಾದಂತೆ ಹೊಳೆದದ್ದು ಇನ್ನೂ ದೊಡ್ಡದು: ನಾವೂ ಹಾಗೆಯೇ ಅಲ್ಲವೇ? ಸಂಬಂಧ ಬಂದಾಗ ಹೆಣ್ಣಿನ, ಗಂಡಿನ ಮನೆಯ ಬಗ್ಗೆ ವಿಚಾರಿಸುವಾಗ ಅವರ ನಂಟರನ್ನು ಕೇಳುತ್ತೇವೆಯೇ? ಬೀದಿ ಕೊನೆಯ ಅಂಗಡಿಯವನನ್ನು, ಹಾಲು ಹಾಕುವವಳನ್ನು ಕೇಳುತ್ತೇವೆ. ಅತ್ಯಂತ ಹತ್ತಿರದವರ ಒಳ್ಳೆಯ ಮಾತಿಗೆ ಲೋಕದಲ್ಲಿ ಬೆಲೆಯೇ ಇಲ್ಲವೆಂದು ನಾವೇ ಎಂದೋ ತೀರ್ಮಾನಿಸಿದ್ದೇವೆ. ಯಂತ್ರಕ್ಕೆ ಕಲಿಸಿದವರು ನಾವೇ.

ಮಾವ ಎಲ್ಲವನ್ನೂ ಕೇಳಿಸಿಕೊಂಡ. "ಯಾರು ಚಾಡಿ ಹೇಳಿದ್ದು?" ಎಂದ.

"ಯಾರೂ ಇಲ್ಲ ಮಾವ, ಮೆಷಿನ್ನು."

"ನಾವಿಬ್ರೂ ಅಣ್ಣ ತಂಗಿ ಅಂತ ಅದಕ್ಕೆ ಗೊತ್ತಿಲ್ವಾ?"

"ಗೊತ್ತಾದ್ರೆ ಇನ್ನೂ ಕಷ್ಟ."

ಅತ್ತೆ ಒಳಗಿನಿಂದಲೇ, "ಕೊಟ್ಟಿದ್ದು ಅವ್ಳಿಗೆ ಭಾರ ಆಯ್ತೇನೋ, ತೆಗ್ದಾಕ್ ಬುಡಿ" ಎಂದರು. ಚಿಕ್ಕಮ್ಮ ತಲೆಯೆತ್ತಲಿಲ್ಲ. ಮಾವ ಫೋನು ತೆಗೆದು, ತನ್ನ ಸೈಟು ನೋಡಿಕೊಳ್ಳುವವನಿಗೆ ಏನೋ ಹೇಳಲು ಅಂಗಳಕ್ಕೆ ಇಳಿದ. ಮತ್ತೆ ನಮ್ಮ ಬಳಿ ಬಂದು ಕೂರಲಿಲ್ಲ. ಕಾಫಿ ಕುಡಿದು ಎದ್ದು ಬಂದೆವು. ಹಿಂದಿರುಗುವ ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಮುಂದಿನ ಸೋಮವಾರ ಮತ್ತೆ ಗುಬ್ಬಿಗೆ ಹೋಗಿ ಒಬ್ಬೊಬ್ಬರ ಪುಟವನ್ನೂ ತೆರೆದು, ಕೊಂಡಿ ಹೋಗಿದೆಯೇ ಎಂದು ನೋಡಿ ಗುರುತು ಹಾಕಿಕೊಳ್ಳುತ್ತಿದ್ದೆ. ಎಲ್ಲರದೂ ಹೋಗಿತ್ತು. ಮಾವನದೂ ಹೋಗಿತ್ತು. ಆದರೆ ಮೊದಲು ನಮ್ಮ ಹೆಸರಷ್ಟೇ ಇದ್ದ ಆ ಜಾಗದಲ್ಲಿ ಈಗ ಕೊಂಡಿಯಿಲ್ಲದ ಬರಿಯ ಅಕ್ಷರಗಳಲ್ಲಿ ಒಂದು ಸಾಲಿತ್ತು: ಗುಬ್ಬಿಯಲ್ಲಿ ಚಟ್ನಿಪುಡಿ ಮಾಡುವವಳು ನನ್ನ ತಂಗಿ.

ನಾನು ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟೆ. ಅವಳು ಓದಿ, ಸೆರಗಿಗೆ ಕೈ ಒರೆಸಿಕೊಂಡು, ಆ ಸಾಲಿನ ಮೇಲೆ ಬೆರಳೊತ್ತಿದಳು. ಏನೂ ತೆರೆದುಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಇದು ಎಲ್ಲಿಗೂ ಹೋಗಲ್ಲ ಚಿಕ್ಕಮ್ಮ" ಎಂದೆ.

"ಹೋಗೋದ್ ಬೇಡ ಬುಡು" ಎಂದಳು, ಬೆರಳು ತೆಗೆಯದೆ.