ಕವರಾಲಿಗೆ ಕಲಿಸಿದ ಜಪಾನಿ

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದೆ ನನ್ನ ನೀಲಿ ಕವರಾಲ್ ತೂಗುತ್ತಿರುತ್ತದೆ. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬಟ್ಟೆಯಾದ ಈ ಕಾರ್ಖಾನೆಯ ಉಡುಪು, ಮೊಳೆಗೆ ಸಿಕ್ಕಿಕೊಂಡಾಗ ಭುಜವಿಳಿಸಿ ತುಸು ಮುಂದಕ್ಕೆ ಬಾಗುವುದರಿಂದ, ವಿನಯಶೀಲ ಜಪಾನಿ ಗೃಹಸ್ಥನೊಬ್ಬ ವಂದಿಸುತ್ತಿರುವಂತೆ ಕಾಣುತ್ತದೆ. ಇಡೀ ಒಂದು ವರ್ಷ ನಾನು ಜಪಾನಿ ಭಾಷೆಯಲ್ಲಿ ಮಾತಾಡಿದ್ದು ಇದರೊಂದಿಗೆ ಮಾತ್ರ. ನಗುವುದಾದರೆ ನಗಿ, ಆದರೆ ಪೂರ್ತಿ ಕೇಳಿಕೊಂಡು ನಗಿ.

ಅಬುಧಾಬಿಯ ಹೊರವಲಯದ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ನನ್ನದು ವಾಲ್ವುಗಳನ್ನು ಪರೀಕ್ಷಿಸುವ ಕೆಲಸ. ಒಳಗೆ ನೀರು ತುಂಬಿ, ಒತ್ತಡ ಏರಿಸಿ, ಆಮೇಲೆ ಏನನ್ನೂ ಮುಟ್ಟದೆ ಗೇಜಿನ ಮುಳ್ಳನ್ನೇ ನೋಡುತ್ತ ನಿಲ್ಲಬೇಕು. ಮುಳ್ಳು ಇಳಿಯದಿದ್ದರೆ ವಾಲ್ವು ಪಾಸು. ಹದಿನೆಂಟು ವರ್ಷದಿಂದ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಒಂದೇ ಜಪಾನಿ ಕಾರ್ಖಾನೆಯವು. ಅಲ್ಲಿಗೆ ನಮ್ಮಿಂದ ಒಬ್ಬನನ್ನು ಎರಡು ತಿಂಗಳ ತರಬೇತಿಗೆ ಕಳಿಸುತ್ತಾರೆ, ಆರಿಸಲು ಅವರ ಎಂಜಿನಿಯರೇ ಬರುತ್ತಾರೆ, ನಾಲ್ಕು ಮಾತು ಜಪಾನಿ ಬಂದರೆ ಒಳ್ಳೆಯದು ಎಂಬ ಸುದ್ದಿ ಬಂದಾಗ, ನಲವತ್ತಾರರ ಈ ಹೃದಯದಲ್ಲಿ ನಾಚಿಕೆಗೆಟ್ಟ ಆಸೆಯೊಂದು ಮೊಳೆಯಿತು. ಇಷ್ಟು ವರ್ಷ ನೀರು ಕುಡಿಸಿ ನೋಡಿಕೊಂಡ ಈ ಕಬ್ಬಿಣದ ಕೂಸುಗಳ ತವರುಮನೆಯನ್ನು ಒಮ್ಮೆ ನೋಡಲೇಬೇಕೆನ್ನಿಸಿತು.

ದುಬೈಯ ಜುಮೇರಾ ಲೇಕ್ ಟವರ್ಸಿನಲ್ಲಿ ತರಗತಿಯೊಂದಿದೆಯೆಂದು ತಿಳಿದು ಬಸ್ಸು ಹತ್ತಿ ಹೋದೆ. ಶುಲ್ಕ ಕೇಳಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದೆ. ಉಳಿದದ್ದು ಫೋನಿನ ಒಂದು ಪುಕ್ಕಟೆ ಆ್ಯಪು ಮತ್ತು ಯಾರೋ ನಾಲ್ಕನೇ ಪಾಠದವರೆಗೆ ಪೆನ್ಸಿಲಿನಲ್ಲಿ ಉತ್ತರ ಬರೆದು ವೈರಾಗ್ಯ ತಾಳಿ ಮಾರಿದ್ದ ಹಳೆಯ ಪುಸ್ತಕ. ಜೊತೆಗೆ ಮಾತಾಡುವವರು ಮಾತ್ರ ಸಿಗಲಿಲ್ಲ. ಮಗಳು "ಪ್ಲೀಸ್ ಅಪ್ಪಾ, ನಾಟ್ ನೌ" ಎಂದು ಕಿವಿಗೆ ಹೆಡ್‌ಫೋನ್ ಏರಿಸಿದಳು. ಹಾಗಾಗಿ ನಾನೇ ಕೇಳಿ, ನಾನೇ ಕವರಾಲಿನ ಪಕ್ಕಕ್ಕೆ ಹೋಗಿ ನಿಂತು, ದನಿ ದಪ್ಪ ಮಾಡಿ ಉತ್ತರಿಸತೊಡಗಿದೆ. ಹೆಂಡತಿ ಶೈಲಾ ಬಾಗಿಲಲ್ಲಿ ನಿಂತು, "ಒಗೀಲಿಕ್ಕೆ ಇದ್ರೆ ಮಷೀನಿಗೆ ಹಾಕಿ ಮಾರಾಯ್ರೆ, ಬಟ್ಟೆಯನ್ನು ಮಾತಾಡಿಸ್ಲಿಕ್ಕೆ ಉಂಟಾ?" ಎಂದಳು.

ಆದರೆ ಇದರ ಸುಖವೇ ಬೇರೆ ಕಣ್ರೀ. ಕವರಾಲ್ ಎಂದೂ ಅಡ್ಡಮಾತಾಡದು, ನನಗೆ ಬಾರದ ಪದ ಬಳಸದು. ಯೋಚಿಸಿದರೆ ನಮ್ಮ ಬಹುಪಾಲು ಸಂಭಾಷಣೆಯೂ ಇಂಥದೇ: "ಹೇಗಿದ್ದೀರಿ, ಆರಾಮಲ್ವಾ?" ಎಂದು ಉತ್ತರವನ್ನೂ ಪ್ರಶ್ನೆಯ ಜೊತೆಗೇ ಕಟ್ಟಿ ಕೊಟ್ಟು, ಮುಂದೆ ನಡೆದುಬಿಡುತ್ತೇವೆ.

ಕೊನೆಗೂ ಎಂಜಿನಿಯರ್ ಬಂದರು. ಮೊರಿತಾ ಎಂದು ಹೆಸರು, ನರೆತ ತಲೆ, ಮೆದು ಮಾತು. ಚಹಾದ ಹೊತ್ತಿನಲ್ಲಿ ನನ್ನನ್ನು ಅವರೆದುರು ಕೂರಿಸಿದರು. ನಾನು ಜಪಾನಿಯಲ್ಲಿ, "ಅಬುಧಾಬಿಗೆ ಇದೇ ಮೊದಲ ಸಲವೇ?" ಎಂದು ಕೇಳಿದೆ, ಅವರು ಬಾಯಿ ತೆರೆಯುವಷ್ಟರಲ್ಲಿ ಅಭ್ಯಾಸಬಲದಿಂದ ದನಿ ದಪ್ಪ ಮಾಡಿ, "ಹೌದು, ಮೊದಲ ಸಲ. ತುಂಬ ಸೆಕೆ" ಎಂದು ನಾನೇ ಉತ್ತರಿಸಿದೆ. "ಇಲ್ಲಿನ ಊಟ ಇಷ್ಟವಾಯಿತೇ?" "ಹೌದು, ಬಹಳ ರುಚಿ." ಹೀಗೆ ಮೂರನೇ ಪಾಠವನ್ನು ಆದ್ಯಂತ ಒಪ್ಪಿಸಿದೆ. ಅವರು ತೆರೆದ ಬಾಯಿ ತೆರೆದೇ ಇತ್ತು.

ಪಕ್ಕದಲ್ಲಿದ್ದ ಸ್ಟೋರ್‌ಕೀಪರ್ ಹಮೀದ್, ಉಳ್ಳಾಲದ ಬ್ಯಾರಿ, ತಡೆಯಲಾರದೆ ಪಿಸುಗುಟ್ಟಿದ: "ಎಂತ ಮಾರಾಯ, ಪ್ರಶ್ನೆಯೂ ನಿನ್ನದೇ ಉತ್ತರವೂ ನಿನ್ನದೇ ಆದ್ರೆ ಅವರು ಅಷ್ಟು ದೂರದಿಂದ ಬಂದದ್ದು ಎಂತಕ್ಕೆ? ಖಲಾಸ್, ಒಮ್ಮೆ ಬಾಯಿ ಮುಚ್ಚು."

ಕಿವಿ ಬಿಸಿಯಾಯಿತು. ಊಟದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ, ಗೇಜಿನ ಮುಂದೆ ನಿಲ್ಲುವಂತೆ ಕೈಕಟ್ಟಿ ಕುಳಿತೆ. ನಮ್ಮೂರಲ್ಲಾದರೆ ಮಾತಿನ ನಡುವೆ ಅಷ್ಟು ಬಿಡುವು ಬಿದ್ದರೆ ಜಗಳವಾಗಿದೆಯೆಂದೇ ಅರ್ಥ. ಮೊರಿತಾ ನಿಧಾನವಾಗಿ, ಒಂದೊಂದೇ ಪದವನ್ನು ನನಗಾಗಿ ಬಿಡಿಸಿಟ್ಟು ಹೇಳಿದರು: ಊಟವೇನೋ ಚೆನ್ನಾಗಿದೆ, ಆದರೆ ಹೋಟೆಲಿನಲ್ಲಿ ಒಬ್ಬನೇ ಉಣ್ಣುತ್ತೇನೆ, ಹೆಂಡತಿ ಹೋದಮೇಲೆ ಮನೆಯಲ್ಲೂ ಹಾಗೆಯೇ.

ಈ ಉತ್ತರ ಯಾವ ಪಾಠದಲ್ಲೂ ಇರಲಿಲ್ಲ. ವ್ಯಾಕರಣವೆಲ್ಲ ಮರೆತು, "ನಾಳೆ. ನನ್ನ ಮನೆ. ಊಟ" ಎಂದೆ. ಮರುದಿನ ಅವರು ಬಂದು ಶೈಲಾಳ ಬಂಗುಡೆ ಸಾರನ್ನು ಮೂಗೊರೆಸಿಕೊಳ್ಳುತ್ತ ಎರಡು ಸಲ ಬಡಿಸಿಕೊಂಡು ಉಂಡರು.

ತರಬೇತಿಗೆ ಆಯ್ಕೆಯಾದವನು ಇಪ್ಪತ್ತಾರರ ನಮ್ಮ ವೆಲ್ಡರ್. ಕಲಿತದ್ದನ್ನು ಮುಂದೆ ಮೂವತ್ತು ವರ್ಷ ಬಳಸುವವನು ಬೇಕು ಎಂದು ಮೊರಿತಾ ನನಗೇ ತಿಳಿಸಿ ಹೇಳಿದರು. ನ್ಯಾಯವೇ. ಆದರೂ ಬೇಸರವಾಯಿತು, ಸುಳ್ಳು ಹೇಳಲಾರೆ. ಒಂದು ವಾರ ಪುಸ್ತಕ ಮುಟ್ಟಲಿಲ್ಲ.

ಈಗ ಭಾನುವಾರಗಳಲ್ಲಿ ಅವರ ಫೋನು ಬರುತ್ತದೆ. ಮೊನ್ನೆ ಕೇಳಿದರು: "ಜಪಾನಿಗೆ ಯಾವಾಗ ಬರುತ್ತೀರಿ?" "ಮುಂದಿನ ವರ್ಷ ಬರುತ್ತೇನೆ" ಎಂಬ ಸಿದ್ಧವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, "ಗೊತ್ತಿಲ್ಲ" ಎಂದೆ. ಅವರು, ಬರುವ ದಿನ ಮುಂಚೆಯೇ ಹೇಳಿ, ಇಬ್ಬರಿಗಾಗುವಷ್ಟು ಅನ್ನ ಮಾಡಿ ಬಹಳ ವರ್ಷವಾಯಿತು, ಅಳತೆ ಮರೆತಿದೆ ಎಂದರು. ಒಂದು ಪದಕ್ಕೂ ನಾನು ಪುಸ್ತಕ ತೆರೆಯಬೇಕಾಗಲಿಲ್ಲ.