ಹಿಟ್ಟು ತೊಳಸಲಾಗದ ಒಲೆ

ಹೊಗೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಹೊಗೆಯನ್ನು ಸಹಿಸಿಕೊಂಡು ಕೂತ ಹೆಂಗಸರನ್ನು ಕಂಡರೆ ಇನ್ನೂ ಸಿಟ್ಟು. ಮೂರು ವರ್ಷ ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಲ್ಲಿ ಹೊಗೆ ಬಾರದ ಒಲೆ ಹಂಚುವ ಕೆಲಸ ಮಾಡಿದೆ. ಕೆಲಸ ಅನ್ನುವುದಕ್ಕಿಂತ ಜಗಳ ಅಂದರೆ ಸರಿ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊಟ್ಟ ಒಲೆಯನ್ನು ಅಟ್ಟಕ್ಕೆ ಹಾಕಿ, ಮಾರನೆಯ ದಿನ ಮತ್ತೆ ಊದುಗೊಳವೆ ಹಿಡಿದು ಕೂರುತ್ತಿದ್ದರು. ಗ್ಯಾಸ್ ಇಲ್ಲದ ಮನೆ ಅಪರೂಪ. ಆದರೆ ಅದು ಟೀಗೆ, ನೆಂಟರು ಬಂದಾಗ ಉಪ್ಪಿಟ್ಟಿಗೆ. ಮುದ್ದೆಗೆ, ಸ್ನಾನದ ನೀರಿಗೆ ಸೌದೆಯೇ. ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಹೆಮ್ಮರಗಾಲದ ಕಡೆ ಒಂದು ಮನೆ. ಬಡವರೇನಲ್ಲ. ನಾಲೆ ನೀರಿನ ಗದ್ದೆ, ನಾಲ್ಕು ಸೀಮೆಹಸು, ಎರಡು ಹೊತ್ತೂ ಡೇರಿಗೆ ಹಾಲು. ಯಜಮಾನಿಕೆಯೆಲ್ಲ ಅತ್ತೆಯದು. ಹತ್ತು ಜನರಿಗೆ ಬೇಯಿಸುವವಳು ಸೊಸೆ, ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಅವಳ ಕೆಮ್ಮು ಬೀದಿಗೇ ಕೇಳುತ್ತಿತ್ತು. ಹೀಗೇ ಹೊಗೆ ಕುಡಿದರೆ ಉಸಿರಿಗೇ ಸಂಚಕಾರ ಎಂದು ಡಾಕ್ಟರು ಹೇಳಿದ್ದಾರಂತೆ. ಅದನ್ನು ನನಗೆ ಹೇಳಿದವರು ಪಕ್ಕದ ಮನೆಯವರು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಯ ಹೆದರಿಕೆ ಅಂದುಕೊಂಡೆ.

“ನಮ್ ಒಲೆ ನಾವ್ ನೋಡ್ಕತ್ತೀವಿ, ಮುಂದ್ಕೆ ಓಗವ್ವ,” ಅಂದರು ಅತ್ತೆ.

“ನಿಮ್ಮ ಸೊಸೆ ಕೆಮ್ಮೋದು ಊರಿಗೆಲ್ಲ ಕೇಳತ್ತೆ, ನಿಮಗೊಬ್ಬರಿಗೆ ಕೇಳಲ್ವಾ? ಅವರು ಹೋದಮೇಲೆ ಒಲೆ ನೀವೇ ಊದ್ತೀರಾ?”

ಜಗಲಿಯ ಮೇಲೆ ಕೂತಿದ್ದವರಿಗೆಲ್ಲ ಕೇಳುವ ಹಾಗೆಯೇ ಅಂದೆ. ಅಂದು ನನಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಯಮ್ಮ ನನ್ನ ಒಲೆಯ ಕಡೆ ಕೈ ತೋರಿಸಿದರು.

“ನಾಳಿಕ್ಕೆ ಬೆಳಿಗ್ಗೆ ಬಾ. ನಿನ್ ಒಲೆ ಮ್ಯಾಲೆ ನೀನೇ ಇಟ್ಟು ತೊಳ್ಸಿ ತೋರ್ಸು. ಆಮ್ಯಾಕೆ ಮಾತಾಡು.”

ಹಿಟ್ಟು ಎಂದರೆ ಆ ಕಡೆ ಮುದ್ದೆಯೇ, ತೊಳಸುವುದೆಂದರೆ ಅದನ್ನು ಕೋಲಿನಿಂದ ತಿರುವುವುದು. ನಾನೋ ನಂಜನಗೂಡಿನ ದೇವಸ್ಥಾನದ ಬೀದಿಯವಳು, ಗ್ಯಾಸಿನ ಮೇಲೆ ಬೆಂದ ಅನ್ನ ಉಂಡು ಬೆಳೆದವಳು. ನಾನು ಹಳ್ಳಿಹಳ್ಳಿಯಲ್ಲಿ ಮಾಡಿ ತೋರಿಸುತ್ತಿದ್ದುದು ಒಂದೇ. ಒಂದು ಪಾವು ಅಕ್ಕಿ ಬೇಯಿಸುವುದು, ಕಪ್ಪಾಗದ ಪಾತ್ರೆಯ ತಳವನ್ನು ಎಲ್ಲರ ಮೂಗಿನ ಮುಂದೆ ಹಿಡಿಯುವುದು. ಮೂರು ವರ್ಷದಲ್ಲಿ ಒಂದು ಸಲವೂ ಅದರ ಮೇಲೆ ಮುದ್ದೆ ಮಾಡಿರಲಿಲ್ಲ. ನಮ್ಮ ಸಂಸ್ಥೆಯಲ್ಲಿ ಯಾರೂ ಮಾಡಿರಲಿಲ್ಲ. ಎರಡು ಹೊತ್ತೂ ಮುದ್ದೆ ಉಣ್ಣುವ ಸೀಮೆಗೆ ಒಲೆ ಕೊಡಲು ಹೊರಟವರು ನಾವು.

ಬೆಳಿಗ್ಗೆ ಹೋದೆ. ಬೀದಿಯ ಅರ್ಧ ಹೆಂಗಸರು ಆಗಲೇ ಬಂದು ನಿಂತಿದ್ದರು. ಎಸರು ಬೇಗ ಮರಳಿತು. ಹೊಗೆಯಿಲ್ಲ, ಮಸಿಯಿಲ್ಲ. ರಾಗಿಹಿಟ್ಟು ಸುರಿದು, ಅದು ಬೇಯುವಷ್ಟು ಹೊತ್ತು ಭಾಷಣವನ್ನೂ ಬಿಗಿದೆ. ಆಮೇಲೆ ಕೋಲು ಕೈಗೆ ಬಂತು. ತೊಳಸುವಾಗ ಪಾತ್ರೆ ತಿರುಗದ ಹಾಗೆ ಅದರ ಕಂಠಕ್ಕೆ ಕವೆಗೋಲು ಕೊಟ್ಟು, ಅದನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ನೆಲಕ್ಕೆ ಕಚ್ಚಿಕೊಂಡ ಮಣ್ಣಿನ ಒಲೆ ಆ ಒತ್ತನ್ನು ತಡೆಯುತ್ತದೆ. ನನ್ನದು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವ ತಗಡಿನ ಒಲೆ. ಎರಡನೇ ಒತ್ತಿಗೇ ವಾಲಿಕೊಂಡಿತು. ಹತ್ತು ಜನರ ಮುದ್ದೆ ಕುದಿಕುದಿಯುತ್ತ, ಪಕ್ಕದಲ್ಲೇ ನಿಂತಿದ್ದ ಸೊಸೆಯ ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ಅನ್ನ ಉಣ್ಣೋಳು ನಮ್ಗೆ ಒಲೆ ಏಳ್ಕೊಡಕ್ಕೆ ಬಂದ್ಬುಟ್ಟೆ,” ಅಂದರು ಅತ್ತೆ, ದನಿ ಏರಿಸದೆ. “ಇವ್ಳ ಕಾಲ್ ಮ್ಯಾಲ್ ಬಿದ್ದಿದ್ರೆ ನಿಮ್ಮಪ್ಪ ಬಂದು ನೋಡ್ಕತ್ತಿದ್ನಾ?”

ಬಾಯಿ ಮುಚ್ಚಿಕೊಂಡು ನೆಲ ಬಳಿಯಬೇಕಿತ್ತು ನಾನು. ಬಳಿಯಲಿಲ್ಲ. “ಪಾತ್ರೆ ಕೆಳಗಿಳಿಸಿ ತೊಳಸಿದ್ರೆ ನಿಮ್ಮ ಗಂಟೇನು ಹೋಗತ್ತೆ?” ಅಂದೆ.

“ನಿನ್ ತಗಡಿಗೋಸ್ಕರ ನಾವು ಅರೆ ಬೆಂದಿರೋ ಇಟ್ಟು ತಿನ್ಬೇಕಾ? ಎತ್ಕೊಂಡ್ ಓಗು.”

ಎತ್ತಿಕೊಂಡು ಹೋದೆ. ಮೈಸೂರಿನ ಆಫೀಸಿನಲ್ಲಿ ನಮ್ಮ ಮೇಲಿನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, “ಆ ಜನಕ್ಕೆ ಅರಿವು ಕಮ್ಮಿ, ಇನ್ನೊಂದು ಮೀಟಿಂಗ್ ಮಾಡಿ” ಎಂದರು. ಅರಿವು ಯಾರಿಗೆ ಕಮ್ಮಿ ಎಂದು ಆಫೀಸೆಲ್ಲ ಕೇಳುವ ಹಾಗೆ ಕೂಗಾಡಿದೆ. ಕೊನೆಗೆ ನನ್ನ ಕಾಟ ತಪ್ಪಿದರೆ ಸಾಕೆಂದು, ಆ ಮನೆಗೆ ನೆಲಕ್ಕೆ ಹೂತ ಮಣ್ಣಿನ ಒಲೆಯನ್ನೇ ಹಾಕಿಸಿ, ಸೂರಿನ ಮೇಲಕ್ಕೆ ಹೊಗೆ ಕೊಳವೆ ಬಿಡಿಸುವುದಕ್ಕೆ ಒಪ್ಪಿದರು. ಗೆದ್ದೆ ಅಂದುಕೊಂಡೇ ಬಸ್ಸು ಹತ್ತಿದೆ.

ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ. ಸಂಜೆ ಡೇರಿಯ ಹತ್ತಿರ ಕಾದು ನಿಂತು, ಹಾಲು ಹಾಕಿ ಬಂದ ಸೊಸೆಯನ್ನು ಹಿಡಿದೆ. ಒಲೆಯ ವಿಷಯ ಹೇಳಿ, “ಸ್ವಲ್ಪ ಧೈರ್ಯ ಮಾಡಿ ನಿಮ್ಮತ್ತೆ ಹತ್ರ ಮಾತಾಡಿ” ಅಂದೆ.

ಅವಳು ಕ್ಯಾನು ಕೆಳಗಿಟ್ಟಳು.

“ಮಾತಾಡಿದ್ದೆ ಕಣಕ್ಕ. ಒಂದ್ ವರ್ಸ ಮಾತಾಡಿದ್ದೆ. ಇದೇ ಒಲೆ, ಇದೇ ಕೊಳ್ವೆ. ಅತ್ತೆ ಊಂ ಅಂದು, ಒಲೆ ಆಕೋರ್ಗೂ ಏಳ್ಕಳ್ಸಿದ್ರು. ಅಷ್ಟ್ರಲ್ಲಿ ನೀವ್ ಬಂದು ಬೀದೀಲ್ ನಿಂತು ಅವ್ರ ಮರ್ವಾದೆ ತಗುದ್ರಿ. ಈಗ ಆಕ್ಸುದ್ರೆ ಪ್ಯಾಟೆಯವ್ಳು ಬಯ್ದಿದ್ಕೆ ಆಕ್ಸುದ್ಲು ಅಂತಾರೆ, ನಾನ್ ಇರೋಗಂಟ ಈ ಮನೇಲಿ ಬ್ಯಾರೆ ಒಲೆ ಬ್ಯಾಡ ಅಂದ್ಬುಟ್ರು ಅತ್ತೆ.”

ಕೆಮ್ಮು ಒತ್ತರಿಸಿ ಬಂತು. ಬಗ್ಗಿ ಮೊಣಕಾಲು ಹಿಡಿದುಕೊಂಡಳು. ಬೆನ್ನು ಸವರಲು ಹೋದೆ, ನನ್ನ ಕೈ ತಳ್ಳಿದಳು.

“ನಿಮ್ಗೆ ನಾನು ಕೆಮ್ಮಿದ್ದೊಂದೇ ಕೇಳುಸ್ತು,” ಅಂದಳು. “ನಮ್ಮನೆ ತಾವ್ಕೆ ಇನ್ನೊಂದ್ಸಲ ಬರ್ಬ್ಯಾಡಿ.”

ಕ್ಯಾನು ಎತ್ತಿಕೊಂಡು ಬೇಗ ಬೇಗ ನಡೆದಳು. ಮುದ್ದೆಗೆ ಒಲೆ ಹಚ್ಚುವ ಹೊತ್ತಾಗಿತ್ತು.