ಮರೆತ ಪಾಸ್‌ವರ್ಡಿಗೆ ಸನ್ಮಾನ

ಕಳೆದ ಶುಕ್ರವಾರ ಕುವೈತಿನ ಅಬು ಹಲೀಫಾದಲ್ಲಿ ನಮ್ಮ ಊರಿನವರೆಲ್ಲ ಸೇರಿ ನನಗೆ ಶಾಲು ಹೊದೆಸಿದರು. ಯಾಕೆ ಗೊತ್ತೇ? ನಾನೊಂದು ಪಾಸ್‌ವರ್ಡ್ ಮರೆತಿದ್ದೆ.

(ಅವರು ಅದನ್ನು ಧೈರ್ಯ ಎಂದರು.)

ಹೋದ ವರ್ಷ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿತಲ್ಲ, ಅದಾಗಿ ಎರಡನೇ ವಾರ. ಕಪಾಟಿನಲ್ಲಿದ್ದ ನಮ್ಮ ಪಾಸ್‌ಪೋರ್ಟ್ ತರಲೆಂದು ನಾನೂ ಟೈಪಿಸ್ಟ್ ಲಾರೆನ್ಸನೂ ಫರ್ವಾನಿಯಾದ ಆಫೀಸಿಗೆ ಹೋಗಿದ್ದೆವು. ಹಿಂದೆಯೇ ಒಬ್ಬ ಇರಾಕಿ ಅಧಿಕಾರಿ ಇಬ್ಬರು ಸೈನಿಕರೊಂದಿಗೆ ಒಳಗೆ ಬಂದ. ಅವನಿಗೆ ನಮ್ಮ ಕಫೀಲ್, ಅಂದರೆ ಕಂಪನಿಯ ಮಾಲೀಕರ ಮನೆ ವಿಳಾಸ ಬೇಕಿತ್ತು. ಅದಿದ್ದದ್ದು ಕಂಪ್ಯೂಟರಿನಲ್ಲಿ. ಆ ಫೈಲ್ ನೋಡಿಕೊಳ್ಳುತ್ತಿದ್ದವನು ನಾನು.

ಅಧಿಕಾರಿ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ಫೈಲ್ ತೆರೆ ಎಂದ.

ಸ್ಕ್ರೀನ್ ಪಾಸ್‌ವರ್ಡ್ ಕೇಳಿತು. ದಿನಕ್ಕೆ ಹತ್ತು ಸಲ ಒತ್ತುತ್ತಿದ್ದ ಪದ! ತಲೆ ಪೂರ್ತಿ ಖಾಲಿ. ಹೆಂಡತಿಯ ಹೆಸರು ಒತ್ತಿದೆ. ತಪ್ಪು. ಮಗಳ ಹೆಸರು. ತಪ್ಪು. ಊರಿನಲ್ಲಿರುವ ಸ್ಕೂಟರಿನ ನಂಬರ್. ಅದೂ ತಪ್ಪು. ನಿಜ ಹೇಳುತ್ತೇನೆ, ನೆನಪಾಗಿದ್ದರೆ ಆ ಕ್ಷಣವೇ ಒತ್ತಿಬಿಡುತ್ತಿದ್ದೆ. ಅಥವಾ ಒತ್ತುತ್ತಿರಲಿಲ್ಲವೇ? ಇವತ್ತಿಗೂ ಗೊತ್ತಿಲ್ಲ.

ಅಧಿಕಾರಿ ಲಾರೆನ್ಸನ ಕಡೆ ತಿರುಗಿ, ನಿನಗೆ ಗೊತ್ತೇ ಎಂದು ಕೇಳಿದ. ಇಲ್ಲವೆಂದು ಅವನು ತಲೆಯಾಡಿಸಿದ. ಕೊನೆಗೆ ಕಂಪ್ಯೂಟರನ್ನೇ ಹೊರಿಸಿಕೊಂಡು ಹೋದರು. ನಮ್ಮನ್ನು ಯಾಕೆ ಬಿಟ್ಟರು? ಅದೂ ಗೊತ್ತಿಲ್ಲ.

ಪಾಸ್‌ವರ್ಡ್ ನೆನಪಾದದ್ದು ತಿಂಗಳ ನಂತರ, ಊರಿಗೆ ಓಡುವ ದಾರಿಯಲ್ಲಿ, ಜೋರ್ಡಾನಿನ ಮರಳಿನ ನಿರಾಶ್ರಿತರ ಶಿಬಿರದಲ್ಲಿ ರೊಟ್ಟಿಯ ಕ್ಯೂನಲ್ಲಿ ನಿಂತಿದ್ದಾಗ. ಬಂಗುಡೆ! (ಹೌದು, ಮೀನಿನ ಹೆಸರು. ಹಸಿವಾದಾಗ ನೆನಪಾಗದೆ ಇನ್ನೇನು?)

ಯುದ್ಧ ಮುಗಿದು ಈಗ ಇಬ್ಬರೂ ವಾಪಸು ಬಂದಿದ್ದೇವೆ. ಆ ಏಳು ತಿಂಗಳೂ ಕಫೀಲರ ಇಡೀ ಕುಟುಂಬ ಫೈಲಿನಲ್ಲಿದ್ದ ಅದೇ ಮನೆಯಲ್ಲಿ ಅಡಗಿತ್ತಂತೆ. ಯಾರೂ ಬಾಗಿಲು ಬಡಿಯಲಿಲ್ಲವಂತೆ. ಆ ದಿನದ ಕಥೆಯನ್ನು ಲಾರೆನ್ಸನೇ ಅವರಿಗೆ ಹೇಳಿದ್ದ. ಅವರು ನನ್ನ ಕೈ ಹಿಡಿದು ಅತ್ತರು. ನನಗೆ ಮರೆತುಹೋಗಿತ್ತು ಎಂದೆ. ನನ್ನದು ದೊಡ್ಡ ಗುಣ ಎಂದುಕೊಂಡರು.

ಶುಕ್ರವಾರ ಊಟವಾದ ಮೇಲೆ ಲಾರೆನ್ಸನನ್ನು ಬಾಲ್ಕನಿಗೆ ಕರೆದು, ಜನರಿಗೆ ಯಾಕೆ ಹೀಗೆಲ್ಲ ಹೇಳುತ್ತೀ ಎಂದು ಕೇಳಿದೆ.

"ಕಂಡದ್ದನ್ನೇ ಹೇಳಿದ್ದು ಮಾರಾಯ್ರೆ. ಪಾಸ್‌ವರ್ಡ್ ನನಗೂ ಗೊತ್ತಿತ್ತಲ್ಲ. ರಜೆಗೆ ಹೋಗುವಾಗ ನೀವೇ ಕೊಟ್ಟದ್ದು. ನೀವು ಬೇಕೂಂತಲೇ ತಪ್ಪು ಒತ್ತುವುದು ನೋಡಿ ನಾನೂ ಬಾಯಿ ಮುಚ್ಚಿದೆ."

ನಾನು ಅವನಿಗೆ ಹೇಳಿದ್ದೂ ನನಗೆ ಮರೆತಿತ್ತು! ಗೊತ್ತಿದ್ದೂ ಗೊತ್ತಿಲ್ಲವೆಂದವನು ಇವನು. ಆ ಅಧಿಕಾರಿಗೆ ಸಂಶಯ ಬಂದಿದ್ದರೆ?

"ಲಾರೆನ್ಸ್, ನನಗೆ ನಿಜವಾಗಿ ಮರೆತಿತ್ತು."

ಅವನು ಸಮುದ್ರದ ಕಡೆ ತಿರುಗಿದ.

"ಹಾಗಾದ್ರೆ ನಾನು ಅವತ್ತು ಧೈರ್ಯ ಮಾಡಿದ್ದು ಯಾರನ್ನು ನೋಡಿ?" ಎಂದ.



ಮೊನ್ನೆ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಪಾಸ್‌ವರ್ಡ್ ಯಾರಿಗೂ ಹೇಳಬಾರದೆಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದಾರೆ. ಕಂಪ್ಯೂಟರಿನ ಭದ್ರತೆಯ ಮೊದಲ ಪಾಠವೇ ಅದಂತೆ.

ಲಾರೆನ್ಸನಿಗೂ ಹೇಳಬಾರದೇ?